ನೆಲ ಡೊಂಕಾದ ಪ್ರಸಂಗ



"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಚೆಗೆ ಕೈಲಾಂಚದ ನಮ್ಮ ಮನೆಯಂಗಳದಲ್ಲಿ ನಡೆದ ಒಂದು ಪ್ರಸಂಗದಲ್ಲಿ ನೆಲವು ನಿಜವಾಗಿಯೂ ಡೊಂಕಾಗಿತ್ತು. ಅದನ್ನು ಡೊಂಕು ಮಾಡಿದವನು ನಾನೇ.

ನನ್ನ ತಮ್ಮನ ಮಗನಿಗೆ ಕಾರಿನಲ್ಲಿ ಹಾಡು ಕೇಳುವ ಹುಚ್ಚು. ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ ಪೆಟ್ಟಿಗೆ, ಅದಕ್ಕೆ ಶಕ್ತಿಯೂಡಿಸಲು ಒಂದು ಆಂಪ್ಲಿಫೈಯರ್. ಅವನ್ನು ಜೋಡಿಸಿಕೊಟ್ಟವನು ರಾಮನಗರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಕೆಲಸ ಅಚ್ಚುಕಟ್ಟಾಗಿತ್ತು, ಹಲವು ತಿಂಗಳು ಯಾವ ತೊಂದರೆಯೂ ಇರಲಿಲ್ಲ.

ಒಂದು ಮುಂಜಾನೆ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯಬೇಕಿತ್ತು. ಬರಬೇಕಿದ್ದ ಗೂಡ್ಸ್ ಆಟೋ ಬರಲಿಲ್ಲ. ಗೂಡು ಹಗುರವಾದರೂ ಜಾಗ ಬೇಡುವ ವಸ್ತು; ಒತ್ತಿ ತುಂಬಿದರೆ ಕೆಡುತ್ತದೆ. ಹಾಗಾಗಿ ಪೆಟ್ಟಿಗೆಯನ್ನೂ ಆಂಪ್ಲಿಫೈಯರನ್ನೂ ಕಳಚಿ ಜಗಲಿಯ ಮೇಲಿಟ್ಟು, ಚೀಲಗಳನ್ನು ಕಾರಿನಲ್ಲೇ ಸಾಗಿಸಿದೆವು. ಸಂಜೆ ಮರಳಿ ಜೋಡಿಸುವ ಹೊಣೆಯನ್ನು ವಿಜ್ಞಾನದ ಮೇಷ್ಟ್ರೆಂಬ ಬಿಂಕದಿಂದ ನಾನು ವಹಿಸಿಕೊಂಡೆ. ಅರ್ಥ್ ತಂತಿಯ ನಟ್ಟು ಎಲ್ಲೋ ಉರುಳಿಹೋಗಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದಿದ್ದ ಒಂದು ಸಣ್ಣ ತಿರುಪನ್ನು ಕಂಡು, ತಂತಿಯನ್ನು ಅದಕ್ಕೇ ಬಿಗಿದೆ. ಹಾಡು ಬಂತು. ನಾನು ಕೈ ತೊಳೆದುಕೊಂಡೆ.

ಮೂರು ವಾರ ಕಳೆದಿರಬಹುದು. ಮೆಲ್ಲಗೆ ಹಾಡುವಾಗ ಎಲ್ಲವೂ ಸರಿಯಿರುತ್ತಿತ್ತು. ದನಿ ಏರಿಸಿ ತಮಟೆಯ ಪೆಟ್ಟು ಬಿದ್ದೊಡನೆ ಆಂಪ್ಲಿಫೈಯರಿನ ಕೆಂಪು ದೀಪ ಹೊತ್ತಿ ಸದ್ದಡಗುತ್ತಿತ್ತು. ಹಳ್ಳ ಬಿದ್ದ ರಸ್ತೆಯಲ್ಲಂತೂ ಇದು ಇನ್ನೂ ಹೆಚ್ಚು. "ಆಂಪ್ಲಿಫೈಯರ್ ಹೋಯಿತು ದೊಡ್ಡಪ್ಪ, ಹೊಸದು ತರಬೇಕು" ಎಂದ ಹುಡುಗ. ನಾನು ಅಂಗಡಿಗೆ ಫೋನ್ ಮಾಡಿದೆ. ಮೇಷ್ಟ್ರಿಗೇ ಕಳಪೆ ಮಾಲು ಕೊಟ್ಟೆಯಲ್ಲ ಎಂದು ಗದರಿದೆ. ಅವನ ಅಂಗಡಿಯಲ್ಲಿ ಗಿರಾಕಿಗಳಿದ್ದಾರೆಂಬುದು ಹಿನ್ನೆಲೆಯ ಮಾತುಗಳಿಂದ ತಿಳಿಯುತ್ತಿದ್ದರೂ ಗದರಿದೆ. ಅವನು ಎದುರಾಡಲಿಲ್ಲ. "ಗಾಡಿ ಕಳಿಸಿಕೊಡಿ ಸಾರ್, ನೋಡ್ತೀನಿ. ಅದಕ್ಕೆ ಮುಂಚೆ ಅರ್ಥ್ ಒಂದ್ಸಲ ನೋಡಿ" ಎಂದಷ್ಟೇ ಹೇಳಿದ. ನನಗೆ ಅರ್ಥ್ ಪಾಠ ಹೇಳುತ್ತಾನೆಯೇ ಎಂದು ಇನ್ನಷ್ಟು ಸಿಟ್ಟು ಬಂತು.

ಮಲ್ಟಿಮೀಟರ್ ಹಿಡಿದು ನಾನೇ ಪರೀಕ್ಷೆಗೆ ಕುಳಿತೆ. ಮೊದಲು ಸಬ್‌ವೂಫರಿನ ತಂತಿಗಳನ್ನು ಬಿಡಿಸಿ, ಒಂದೂವರೆ ವೋಲ್ಟಿನ ಪೆನ್‌ಸೆಲ್ ಅನ್ನು ಕ್ಷಣಮಾತ್ರ ಸೋಕಿಸಿದೆ. ಶಂಕು 'ತಟ್' ಎಂದು ಮುಂದೆ ಜಿಗಿಯಿತು. ಸುರುಳಿಯ ರೋಧ 3.6 ಓಮ್. ಪೆಟ್ಟಿಗೆಯ ಮೇಲೆ 4 ಓಮ್ ಎಂದು ಬರೆದಿದ್ದರೂ ಮೀಟರಿನಲ್ಲಿ ತುಸು ಕಡಿಮೆ ಬರುವುದು ಸಹಜ. ಏಕೆಂದರೆ ಆ ಬರಹ ಪರ್ಯಾಯ ವಿದ್ಯುತ್ತಿಗೆ ಸಂಬಂಧಿಸಿದ್ದು. ಬ್ಯಾಟರಿಯ ಬಳಿಯ ಫ್ಯೂಸ್ ಸರಿಯಿತ್ತು. ಕೊನೆಗೆ ಅರ್ಥ್ ತಂತಿಯನ್ನೂ ಮೀಟರಿನ ಬೀಪ್ ಪರೀಕ್ಷೆಗೆ ಒಡ್ಡಿದೆ. 'ಬೀಪ್' ಎಂದಿತು. ಅಲ್ಲಿಗೆ ನನ್ನ ಶಿಷ್ಯನೇ ತಪ್ಪಿತಸ್ಥ ಎಂದು ತೀರ್ಪು ಕೊಟ್ಟೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಬೀಪ್ ಪರೀಕ್ಷೆಯಲ್ಲಿ ಮೀಟರು ಹರಿಸುವ ವಿದ್ಯುತ್ತು ಅತ್ಯಲ್ಪ, ಒಂದು ಆಂಪೇರಿನ ಸಾವಿರದಲ್ಲೊಂದು ಪಾಲಿನಷ್ಟು. ದನಿ ಏರಿದಾಗ ಆಂಪ್ಲಿಫೈಯರ್ ಎಳೆಯುವುದು ಸುಮಾರು 40 ಆಂಪೇರ್. ಓಮ್ ಮಹಾಶಯ 1827ರಲ್ಲಿ ಪ್ರಕಟಿಸಿದ ನಿಯಮವನ್ನೇ ಹಾಕಿ ನೋಡಿ: ಸಂಪರ್ಕದಲ್ಲಿ 0.05 ಓಮಿನಷ್ಟು ರೋಧ ಇದೆಯೆನ್ನಿ. ಮೀಟರಿಗೆ ಅದು ಸೊನ್ನೆಯಂತೆಯೇ. 2 ಆಂಪೇರ್ ಹರಿದರೆ ನಷ್ಟ 0.1 ವೋಲ್ಟ್, ಯಾರಿಗೂ ತಿಳಿಯದು. 40 ಆಂಪೇರ್ ಹರಿದರೆ ನಷ್ಟ 2 ವೋಲ್ಟ್! ಭಾರವಿಲ್ಲದಾಗ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಬೆಳಗಾಗುತ್ತಲೇ ಹುಡುಗನನ್ನು ಎಬ್ಬಿಸಿ, ಮೊಬೈಲಿನಿಂದ 50 ಹರ್ಟ್ಸ್ ಆವೃತ್ತಿಯ ಒಂದೇ ಸಮನಾದ ಸ್ವರವನ್ನು ಕೆಲವೇ ಸೆಕೆಂಡು ಹಾಕಿಸಿದೆ. ಎಂಜಿನ್ ಆರಿತ್ತು. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೆ ಆಂಪ್ಲಿಫೈಯರಿನ ಬಾಯಿಯಲ್ಲಿ ಹತ್ತಕ್ಕೂ ಕಡಿಮೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರಕ್ಕೂ ಇನ್ನೊಂದನ್ನು ಆಂಪ್ಲಿಫೈಯರಿನ ಧನಾಗ್ರಕ್ಕೂ ಇಟ್ಟಾಗ 0.3 ವೋಲ್ಟ್, ಅದು ಸಹ್ಯ. ಋಣಾಗ್ರಗಳ ನಡುವೆ ಇಟ್ಟಾಗ 2 ವೋಲ್ಟಿಗೂ ಮಿಗಿಲು. ವಿದ್ಯುತ್ತು ಹೋಗುವ ದಾರಿ ಚೆನ್ನಾಗಿತ್ತು. ಮರಳುವ ದಾರಿ ಕೆಟ್ಟಿತ್ತು. ಕಾರಿನಲ್ಲಿ ಆ ಮರಳುವ ದಾರಿ ಎಂದರೆ ಲೋಹದ ಒಡಲೇ.

ನಾನು ಬಿಗಿದಿದ್ದ ತಿರುಪನ್ನು ಬಿಚ್ಚಿದೆ. ಕೆಳಗೆ ಬಣ್ಣ ಹಾಗೆಯೇ ಇತ್ತು. ಬಣ್ಣ ವಿದ್ಯುತ್ತಿಗೆ ಗೋಡೆ. ತಿರುಪಿನ ಎಳೆಗಳಷ್ಟೇ ತೆಳುವಾದ ತಗಡನ್ನು ಕಚ್ಚಿಕೊಂಡಿದ್ದವು, ಅಲ್ಲಿಯೂ ತುಕ್ಕು ಮೊಳೆತಿತ್ತು. ಗಾಡಿ ಕುಲುಕಿದಾಗ ಆ ಹಿಡಿತವೂ ಸಡಿಲುತ್ತಿತ್ತು. ಪಕ್ಕದಲ್ಲೇ ನನ್ನ ಶಿಷ್ಯ ಮೊದಲು ಜೋಡಿಸಿದ್ದ ಜಾಗವಿತ್ತು: ಬಣ್ಣವನ್ನು ದುಂಡಗೆ ಕೆರೆದು, ಬಿಳಿಯ ಲೋಹ ಕಾಣುವಂತೆ ಮಾಡಿ, ಮೇಲೆ ತುಕ್ಕು ಹಿಡಿಯದಂತೆ ವ್ಯಾಸಲಿನ್ ಸವರಿದ್ದ.

ಬ್ಯಾಟರಿಯ ಋಣಾಗ್ರವನ್ನು ಮೊದಲು ಕಳಚಿ, ಅವನು ಮಾಡಿದ್ದ ಜಾಗವನ್ನೇ ಮರಳುಕಾಗದದಿಂದ ಉಜ್ಜಿ, ಹೊಸ ನಟ್ಟು ಮತ್ತು ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆ. ಅದೇ ಸ್ವರ, ಅದೇ ದನಿ, ನಷ್ಟ 0.1 ವೋಲ್ಟ್. ಕೆಂಪು ದೀಪ ಮತ್ತೆ ಹೊತ್ತಲಿಲ್ಲ.

ಫೋನಿನಲ್ಲಿ ಗದರಿದ್ದಕ್ಕೆ ಫೋನಿನಲ್ಲೇ ಕ್ಷಮೆ ಕೇಳುವುದು ಸರಿಯೆನಿಸಲಿಲ್ಲ. ರಾಮನಗರಕ್ಕೆ ಹೋದೆ. ಅಂಗಡಿಯಲ್ಲಿ ಅಂದೂ ಇಬ್ಬರು ಗಿರಾಕಿಗಳಿದ್ದರು. ಅವರ ಎದುರಿಗೇ ನಡೆದುದೆಲ್ಲವನ್ನೂ ಹೇಳಿ, ತಪ್ಪು ನನ್ನದೆಂದೆ. ಅವನು ತಲೆ ತಗ್ಗಿಸಿಕೊಂಡು, "ನಟ್ಟು ಕಳೆದುಹೋಯ್ತು ಅಂತ ಒಂದು ಮಾತು ಹೇಳಿದ್ರೆ ನಾನೇ ತಂದುಕೊಡ್ತಿದ್ದೆ ಸಾರ್" ಎಂದು ಕಾಫಿ ತರಿಸಿದ.

ಹಿಂದಿರುಗುವಾಗ ಶಾಲೆಯ ಪ್ರಯೋಗಶಾಲೆ ನೆನಪಾಯಿತು. ಬಲ್ಬು ಉರಿಯದಿದ್ದಾಗ "ಪಾಠ ಓದಿಕೊಂಡು ಬಂದಿಲ್ಲ" ಎಂದು ನಾನು ಬೆಂಚಿನ ಮೇಲೆ ನಿಲ್ಲಿಸಿದವರಲ್ಲಿ ಎಷ್ಟು ಮಂದಿ ತಂತಿಗಳನ್ನು ಸರಿಯಾಗಿಯೇ ಜೋಡಿಸಿದ್ದರೋ! ನಮ್ಮ ಆ ಕ್ಲಿಪ್ಪುಗಳೆಲ್ಲ ಹಳೆಯವು, ಹಲವಕ್ಕೆ ತುಕ್ಕು ಹಿಡಿದಿತ್ತು. ನಾನು ಒಮ್ಮೆಯೂ ಉಜ್ಜಿ ನೋಡಲಿಲ್ಲ. ಅಂದು ಬೆಂಚಿನ ಮೇಲೆ ನಿಂತವರು ಇದನ್ನು ಓದುತ್ತಿದ್ದರೆ, ಕೈಲಾಂಚದ ಕಡೆ ಬಂದಾಗ ಮನೆಗೆ ಬನ್ನಿ. ಕಾಫಿ ನನ್ನದು.