ಅತ್ತೆಯ ಸ್ಟೂಲು, ಓರೆ ತೂತು

ನಿಮ್ಮ ಅಡುಗೆಮನೆಯಲ್ಲೂ ಒಂದು ನಂಬಿಕೆಗೆಟ್ಟ ಸ್ಟೂಲು ಇದೆಯೇ? ನಮ್ಮನೆಯದರ ಕಾಲುಗಳು ನೆಟ್ಟಗಿದ್ದವು. ಅಂಚಿನಲ್ಲಿ ಕುಳಿತರೆ ಸಾಕು, ಪಲ್ಟಿ! ಹೋದ ವರ್ಷ ತರಕಾರಿ ಹೆಚ್ಚುತ್ತಿದ್ದ ಅತ್ತೆ ಹಾಗೇ ಬಿದ್ದು ಮೊಣಕೈ ಊದಿಸಿಕೊಂಡರು. "ಇನ್ನು ನೆಲವೇ ವಾಸಿ" ಅಂದರು. ಆದರೆ ನೆಲದಿಂದ ಏಳಲು ಅವರ ಮಂಡಿ ಒಪ್ಪಬೇಕಲ್ಲ!

ಕಾಲುಗಳು ಹೊರಕ್ಕೆ ಓರೆಯಾಗಿದ್ದರೆ ಸ್ಟೂಲು ಸುಲಭಕ್ಕೆ ಮಗುಚದು. ಹೊಸ ಹಲಗೆ ತಂದು ನಾನೇ ಡ್ರಿಲ್ ಹಿಡಿದೆ. ಓರೆಯಾಗಿ ಒತ್ತಿದರೆ ಮೊನೆ ಜಾರಿ ಹಲಗೆಯೆಲ್ಲ ಗೀಚು. ನಾಲ್ಕು ತೂತು, ನಾಲ್ಕು ದಿಕ್ಕು! ಯಜಮಾನರು ನಕ್ಕರು, ನನಗೆ ಅಳುವೇ ಬಂತು.

ನಮ್ಮ ಓಣಿಯ ಬಡಗಿ ಗುಟ್ಟು ಹೇಳಿಕೊಟ್ಟರು. ಗಟ್ಟಿಮರದ ತುಂಡಿನಲ್ಲಿ ಮೊದಲು ನೆಟ್ಟನೆಯ ತೂತು ಕೊರೆದು, ಆಮೇಲೆ ಅದರ ತಳವನ್ನು 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಹಲಗೆಯ ಮೇಲಿಟ್ಟಾಗ ತೂತು ತಾನಾಗಿ ಓರೆಯಾಗುತ್ತದೆ. ಅದೇ ಡ್ರಿಲ್ಲಿಗೆ ದಾರಿ ತೋರುವ ಗೈಡ್.

ಹಲಗೆಯನ್ನು ಬೋರಲು ಹಾಕಿ, ನಡುವಿನಿಂದ ನಾಲ್ಕು ಮೂಲೆಗೂ ಗೆರೆ ಎಳೆಯಿರಿ. ಗೈಡಿನ ತೂತು ಗೆರೆಗುಂಟ ಹೊರಕ್ಕೆ ವಾಲಿರುವಂತೆ ಕೂರಿಸಿ, ಕ್ಲಾಂಪಿನಿಂದ ಬಿಗಿಯಿರಿ. ಅಡಿಗೊಂದು ಹಳೇ ಹಲಗೆಯಿಡಿ, ಇಲ್ಲದಿದ್ದರೆ ಕೊನೆಯಲ್ಲಿ ಮರ ಸಿಬಿರೇಳುತ್ತದೆ. ಅವಸರ ಬೇಡ, ನಡುನಡುವೆ ಮೊನೆ ಹೊರತೆಗೆದು ಪುಡಿ ಕೊಡವಿ. ಸೆರಗು, ಜಡೆ ಬಿಗಿದು ಕಟ್ಟಿ. ಕಣ್ಣಿಗೆ ಕನ್ನಡಕ ಇರಲಿ. ನಾಲ್ಕಕ್ಕೂ ಅದೇ ಗೈಡ್, ಹಾಗಾಗಿ ನಾಲ್ಕೂ ಕಾಲು ಒಂದೇ ಓರೆ.

ಅತ್ತೆ ಮೊದಲು ಕೈಯೂರಿ ಅಲ್ಲಾಡಿಸಿ ನೋಡಿದರು. ಆಮೇಲೆ ಕುಳಿತು, ಹುರುಳಿಕಾಯಿ ಬುಟ್ಟಿ ಎಳೆದುಕೊಂಡರು. ಹೊಗಳಲಿಲ್ಲ. ಆದರೆ ಅಂದಿನಿಂದ ಆ ಸ್ಟೂಲು ಬೇರೆಯವರಿಗೆ ಸಿಕ್ಕಿಲ್ಲ!

ನೀವೂ ಮಾಡಿ ನೋಡಿ.