ಇಳುಕಲಿನಲ್ಲಿ ಬಂದ್ ಮಾಡಿದ ಎಂಜಿನ್

ನಮ್ಮ ಮಾವನವರಿಗೆ ಒಂದು ರೂಢಿ ಇತ್ತು. ಇಳುಕಲು ಬಂತೆಂದರೆ ಸಾಕು, ಕಾರನ್ನು ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಬಂದ್ ಮಾಡಿಬಿಡುವರು. "ಸುಮ್ನ ಯಾಕ ಪೆಟ್ರೋಲ್ ಸುಡಬೇಕು? ತಾನ ಉರುಳತೈತಿ" ಎನ್ನುವರು. ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಮನುಷ್ಯ. ಸೊಸೆಯಾದ ನಾನು ಏನು ಹೇಳಲಿ?

ಆ ವರ್ಷ ಬನದ ಹುಣ್ಣಿಮೆ ಮುಗಿದ ಮೇಲೆ ನಮ್ಮ ಹಳೇ ಆಲ್ಟೊದಲ್ಲಿ ಸಿರಸಂಗಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಯಜಮಾನರಿಗೆ ರಜೆ ಸಿಕ್ಕಿರಲಿಲ್ಲ. ಅತ್ತೆಯವರು ಪಡ್ಡಲಗಿ ತೊಡೆ ಮೇಲಿಟ್ಟುಕೊಂಡು ಮಕ್ಕಳಿಬ್ಬರ ಜೊತೆ ಹಿಂದೆ ಕುಳಿತಿದ್ದರಿಂದ ಮುಂದಿನ ಸೀಟು ನನಗೆ ಬಂತು. ಪೂಜೆ ಮುಗಿಸಿ ಸವದತ್ತಿ ಕಡೆ ಇಳಿಯುವಾಗ ಮಾವನವರು ಎಂದಿನಂತೆ ಎಂಜಿನ್ ಬಂದ್ ಮಾಡಿದರು. ಮೊದಲು ನಡೆದು ಹೋಗುವವರು ಅಡ್ಡ ಬಂದರು, ಬ್ರೇಕ್ ಹಿಡಿಯಿತು. ಆಮೇಲೊಂದು ಬೈಕು, ಆಗಲೂ ಹಿಡಿಯಿತು. ತಿರುವು ದಾಟಿದ ಮೇಲೆ ಮುಂದೊಂದು ಚಕ್ಕಡಿ, ಅದರ ತುಂಬ ಹೆಣ್ಣುಮಕ್ಕಳು. ಮಾವನವರು ಬ್ರೇಕ್ ತುಳಿದರು. ಪೆಡಲ್ಲು ಕಲ್ಲಿನಂತೆ ಗಟ್ಟಿ! "ಏ, ಹಿಡಿವಲ್ದು!" ಎಂದು ಎರಡೂ ಕಾಲು ಹಾಕಿ ಒತ್ತಿದರು. ನಾನು ಹ್ಯಾಂಡ್‌ಬ್ರೇಕ್ ಜಗ್ಗಿದೆ. ಚಕ್ಕಡಿಗೂ ನಮಗೂ ಒಂದು ಮೊಳ ಅಂತರ ಉಳಿದಿತ್ತು.

ಯಾರೂ ಮಾತಾಡಲಿಲ್ಲ. ಸಣ್ಣವಳು ಅಳತೊಡಗಿದಳು. ಅತ್ತೆಯವರು ಗುಡ್ಡದ ಕಡೆ ತಿರುಗಿ ಕೈ ಮುಗಿದರು. ಇವತ್ತಿಗೂ ಮನೆಯಲ್ಲಿ ಮೂರು ಮಾತು ನಡೆಯುತ್ತದೆ: ಅತ್ತೆಯವರ ಪ್ರಕಾರ ಉಳಿಸಿದ್ದು ಯಲ್ಲಮ್ಮ, ಮಾವನವರ ಪ್ರಕಾರ ಅವರ ಕಾಲಿನ ಕಸುವು. ಹ್ಯಾಂಡ್‌ಬ್ರೇಕಿನ ಸುದ್ದಿ ನಾನೊಬ್ಬಳೇ ಎತ್ತುವುದು.

ಮರುದಿನ ಮಾವನವರು ಕಾರನ್ನು ಊರಿನ ಮೆಕ್ಯಾನಿಕ್ ಹತ್ತಿರ ಒಯ್ದರು, ನಾನೂ ಬೆನ್ನು ಹತ್ತಿದೆ. ಕಬ್ಬಿಣ, ಕಟ್ಟಿಗೆ ಕೆಲಸದ ವಿಶ್ವಕರ್ಮರು ದೂರದೂರದಿಂದ ನಮ್ಮೂರಿನ ಕಾಳಮ್ಮನಿಗೆ ಬರುತ್ತಾರಲ್ಲ, ಈ ಹುಡುಗನೂ ಅದೇ ಮನೆತನದವನು. ಅವರಜ್ಜ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದನಂತೆ.

"ಬ್ರೇಕ್ ಕೆಟ್ಟಿಲ್ರಿ ಕಾಕಾ" ಎಂದ ಅವನು ಬಾನೆಟ್ ಎತ್ತಿ. "ಎಂಜಿನ್ ಬಂದ್ ಮಾಡಿದ್ರೇನು?"

ಮಾವನವರು ನನ್ನ ಕಡೆ ನೋಡಿದರು. ನಾನು ಕಾಳಮ್ಮನ ಗುಡಿ ಕಡೆ ನೋಡಿದೆ.

"ಎಂಜಿನ್ ಮಾಡೋದು ನಾಕ ಕೆಲಸ. ಎಳಕೋತೈತಿ, ಹಿಂಡತೈತಿ, ಹೊಡಿತೈತಿ, ಉಗಳತೈತಿ" ಎಂದ ಹುಡುಗ. ಗಾಳಿ, ಪೆಟ್ರೋಲ್ ಒಳಗೆಳೆದು, ಪಿಸ್ಟನ್ ಅದನ್ನು ಹಿಂಡಿ, ಪ್ಲಗ್ಗಿನ ಕಿಡಿ ತಾಗಿ ಉರಿದು, ಕೊನೆಗೆ ಹೊಗೆ ಹೊರಗೆ. ನಮ್ಮ ಕಾರಿನಲ್ಲಿ ಮೂರು ಸಿಲಿಂಡರ್ ಪಾಳಿ ಪ್ರಕಾರ ಈ ಕೆಲಸ ಮಾಡುತ್ತವೆ. ಆ "ಎಳಕೊಳ್ಳೋದು" ಇದೆಯಲ್ಲ, ಅದರ ಜಗ್ಗು ಒಂದು ಪೈಪಿನಿಂದ ಬ್ರೇಕಿಗೂ ಹೋಗುತ್ತದಂತೆ. ರೊಟ್ಟಿ ಹಂಚಿನಷ್ಟು ಅಗಲದ ಒಂದು ಕರಿ ಡಬ್ಬಿ ತೋರಿಸಿದ. ಅದೇ ಬೂಸ್ಟರ್. ನಮ್ಮ ಕಾಲು ಒತ್ತಿದ್ದನ್ನು ಅದು ಹಲವು ಪಟ್ಟು ಮಾಡಿ ಬ್ರೇಕ್ ಆಯಿಲ್ಲಿಗೆ ದಾಟಿಸುತ್ತದೆ, ಆಯಿಲ್ಲು ನಾಲ್ಕೂ ಗಾಲಿಗೆ ಒಯ್ಯುತ್ತದೆ. ಎಂಜಿನ್ ಬಂದ್ ಆದರೆ ಡಬ್ಬಿಯಲ್ಲಿ ಉಳಿದ ಜಗ್ಗು ಎರಡು ಮೂರು ಸಲ ತುಳಿಯುವುದರಲ್ಲಿ ಖಾಲಿ. ಆಮೇಲೆ ಬರೀ ನಮ್ಮ ಕಾಲು, ಅಷ್ಟೇ.

"ಟ್ರ್ಯಾಕ್ಟರಿನ್ಯಾಗ ನಡೀತಿತ್ತಲ್ಲೋ?" ಎಂದರು ಮಾವನವರು.

"ನಿಮ್ಮ ಹಳೇ ಟ್ರ್ಯಾಕ್ಟರಿಗೆ ಬೂಸ್ಟರ್ ಎಲ್ಲಿತ್ರಿ? ಹಂಗ ಇಳಿಸೋದು ಅಲ್ಲೂ ತಪ್ಪ" ಎಂದು ನಕ್ಕ.

ನಾವೇ ಮಾಡುವ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟ. ಎಂಜಿನ್ ಬಂದ್ ಇದ್ದಾಗ ಪೆಡಲ್ಲು ಗಟ್ಟಿಯಾಗುವವರೆಗೂ ನಾಲ್ಕೈದು ಸಲ ತುಳಿದು, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಬೇಕು. ಪೆಡಲ್ಲು ತುಸು ಕೆಳಗೆ ಇಳಿದರೆ ಬೂಸ್ಟರ್ ಸರಿ ಇದೆ ಎಂದರ್ಥ. ನಮ್ಮದು ಇಳಿಯಿತು. ಬ್ರೇಕ್ ಆಯಿಲ್ಲು ಮಾತ್ರ ಚಹಾ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರುವ ಪದಾರ್ಥ. ಡಾಟ್ 3 ಆಯಿಲ್ಲು ಹೊಸತಿದ್ದಾಗ 205 ಡಿಗ್ರಿವರೆಗೆ ಕುದಿಯದಿದ್ದರೂ ತೇವ ಹಿಡಿದ ಮೇಲೆ 140ಕ್ಕೇ ಕುದಿಯಬಹುದು. ಗುಡ್ಡ ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಬಂದರೆ ಅಷ್ಟು ಕಾವು ಏರುವುದೇನು ದೊಡ್ಡದಲ್ಲ. ಕುದ್ದರೆ ಒಳಗೆ ಗುಳ್ಳೆ ಏಳುತ್ತವೆ, ಪೆಡಲ್ಲು ಮೆತ್ತಗಾಗಿ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದ. ನಾವು ತೆಗೆದುಕೊಂಡಾಗಿನಿಂದ ಬದಲಿಸಿಯೇ ಇರಲಿಲ್ಲ.

ಇಷ್ಟೆಲ್ಲ ಕೇಳಿಯೂ ಮಾವನವರು ಗಪ್ಪಾಗಿದ್ದರು. ಜೀವದ ಮಾತಿಗಿಂತ ಅವರಿಗೆ ನಾಟಿದ್ದು ಪೆಟ್ರೋಲಿನ ಮಾತು. ಇಂಥ ಕಾರನ್ನು ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಸಿದರೆ ಅದರ ಕಂಪ್ಯೂಟರು ಪೆಟ್ರೋಲ್ ಹೋಗುವುದನ್ನು ತಾನೇ ನಿಲ್ಲಿಸುತ್ತದಂತೆ. ಎಂಜಿನ್ನನ್ನು ಗಾಲಿಗಳೇ ತಿರುಗಿಸುತ್ತವೆ, ಆ ಬಿಗುವಿಗೆ ಗಾಡಿಯ ಓಟವೂ ತಗ್ಗುತ್ತದೆ.

"ಬಂದ್ ಮಾಡಿದ್ರೂ ಸೊನ್ನಿ, ಗೇರಿನ್ಯಾಗ ಬಿಟ್ರೂ ಸೊನ್ನಿನ ಕಾಕಾ. ಏರಿದ ಗೇರಿನ್ಯಾಗನ ಇಳೀರಿ."

"ಮೊದಲ ಹೇಳಬೇಕಿಲ್ಲೋ ಇದನ್ನ!" ಎಂದರು.

ಮುಂದಿನ ಹುಣ್ಣಿಮೆಗೆ ಅದೇ ಗುಡ್ಡವನ್ನು ಎರಡನೇ ಗೇರಿನಲ್ಲಿ ಇಳಿದೆವು. ಎಂಜಿನ್ ಗುರ್ ಅನ್ನುತ್ತಿತ್ತು. ಮಾವನವರು ಚಾವಿ ಮುಟ್ಟಲಿಲ್ಲ, ಆದರೆ ಕೆಳಗೆ ಬರುವವರೆಗೂ ಪೆಟ್ರೋಲ್ ಮುಳ್ಳಿನ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ. ನನ್ನ ಕೈ ಹ್ಯಾಂಡ್‌ಬ್ರೇಕ್ ಮೇಲೇ ಇತ್ತು.