ಏನನ್ನೂ ಉಗುಳದ ಎಂಜಿನ್

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸು ರಾಜೇಶ್ವರದ ಹತ್ತಿರ ಕೆಟ್ಟು ನಿಂತಿತೆನ್ನಿ. ಒಳಗೇ ಕುಳಿತು ಮುಂದಿನ ಸೀಟನ್ನು ಎಷ್ಟು ನೂಕಿದರೂ ಬಸ್ಸು ಕದಲದು. ಕೆಳಗಿಳಿದು, ನೆಲಕ್ಕೆ ಕಾಲು ಕೊಟ್ಟು ನೂಕಬೇಕು. ಆಕಾಶದಲ್ಲಿ ನೆಲವಿಲ್ಲವಾದ್ದರಿಂದ ರಾಕೆಟ್ಟು ತನ್ನೊಳಗಿನದನ್ನೇ ಹಿಂದಕ್ಕೆ ಎಸೆದು ಮುಂದೆ ಸಾಗುತ್ತದೆ. 2017ರ ಮೇ 5ರಂದು ಹಾರಿದ ನಮ್ಮ ಜಿಸ್ಯಾಟ್-9 ಉಪಗ್ರಹದಲ್ಲಿ ವಿದ್ಯುತ್ ಎಂಜಿನ್ ಇತ್ತು, ನಿಜ. ಅದೂ ಕ್ಸೆನಾನ್ ಅನಿಲವನ್ನು ಉಗುಳಲೇಬೇಕಿತ್ತು. ಅನಿಲ ತೀರಿದರೆ ಆಟ ತೀರಿತು.

ಹುಮನಾಬಾದಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯಿಟ್ಟಿರುವ ನನ್ನ ಸೋದರಳಿಯನಿಗೆ ಈ ಉಗುಳುವಿಕೆಯೇ ಸೇರದು. "ಮಾಮಾ, ಎಣ್ಣಿ ಬ್ಯಾಡ, ಗ್ಯಾಸ್ ಬ್ಯಾಡ, ಬರೇ ಕರೆಂಟಿನ ಮ್ಯಾಲ ಓಡೋದು ಮಾಡ್ತೀನಿ" ಎಂದು ಹೊರಟ. ಖರ್ಚಿಗೆ ತಾಯಿಯ ಬಳೆಗಳನ್ನು ಅಡವಿಡುವ ಮಾತೂ ನಡೆದಿತ್ತು. ಅಕ್ಕ ಒಪ್ಪಿಯೂ ಬಿಟ್ಟಿದ್ದಳು. ಮಗನ ವಿಷಯದಲ್ಲಿ ಅವಳು ನ್ಯೂಟನ್ನನನ್ನು ಕೇಳುವವಳಲ್ಲ.

ಹುಡುಗ ಗಾಳಿಗೋಪುರ ಕಟ್ಟಿದನೆನ್ನುವಂತಿರಲಿಲ್ಲ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ, ಎರಡೂ ಕಡೆ ಮುಚ್ಚಿದ ತಾಮ್ರದ ಡಬ್ಬಿಯಲ್ಲಿ ಅಡಿಗೆಯ ಮೈಕ್ರೋವೇವ್ ಒಲೆಯಲ್ಲಿರುವಂಥ ಅಲೆಗಳನ್ನು ತುಂಬಿದರೆ ಡಬ್ಬಿ ತಾನಾಗಿ ಸರಿಯುವುದೆಂದು ಇಂಗ್ಲೆಂಡಿನ ಎಂಜಿನಿಯರ್ ರೋಜರ್ ಶಾಯರ್ ಸಾರಿದ್ದರು. ಬಸ್ಸಿನೊಳಗೆ ಕುಳಿತೇ ಬಸ್ಸನ್ನು ನೂಕಿದಂತೆ! ಆದರೂ 2016ರಲ್ಲಿ ಅಮೆರಿಕದ ನಾಸಾದ ಪ್ರಯೋಗಶಾಲೆಯೊಂದು ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್ ಬಲ ಕಂಡೆವೆಂದು ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಮೂರು-ನಾಲ್ಕು ಜೋಳದ ಕಾಳಿನ ಭಾರ.

ಜರ್ಮನಿಯ ಡ್ರೆಸ್ಡೆನ್ ವಿಶ್ವವಿದ್ಯಾಲಯದ ಮಾರ್ಟಿನ್ ತಾಜ್ಮಾರ್ ಈ ಕಾಳುಗಳನ್ನು ಬಿಡಲಿಲ್ಲ. 2018ರಲ್ಲಿ ಡಬ್ಬಿಗೆ ಹೋಗುವ ಶಕ್ತಿಯನ್ನು ಅವರ ತಂಡ ಬಹುವಾಗಿ ತಗ್ಗಿಸಿ ನೋಡಿದರೂ ಬಲ ಕಂಡಿತು! ವಿದ್ಯುತ್ ಹರಿವ ತಂತಿಗೂ ಭೂಮಿಯ ಕಾಂತಕ್ಷೇತ್ರಕ್ಕೂ ನಡೆದ ಎಳೆದಾಟವೆಂಬ ಶಂಕೆ ಹುಟ್ಟಿತು. 2021ರಲ್ಲಿ ಮತ್ತೊಂದು ಗುಟ್ಟು ಹೊರಬಿತ್ತು: ಎಂಜಿನ್ ಕಾದಾಗ ತಕ್ಕಡಿಯ ಜೋಡಣೆಗಳು ಬಾಗುತ್ತಿದ್ದವು. ತೂಗುಹಾಕುವ ಕ್ರಮವನ್ನು ಬದಲಿಸಿದೊಡನೆ ಬಲ ಮಾಯವಾಯಿತು.

ಇದನ್ನು ಹೇಳಿದಾಗ ಅಳಿಯನ ಮುಖ ಬಾಡೀತೆಂದುಕೊಂಡಿದ್ದೆ. "ತಂತಿ ಅಂದ್ರ ಹಂಗೇ ಮಾಮಾ" ಎಂದು ನಕ್ಕ. ತಂತಿಯ ಮೋಸ ಅವನಿಗಿಂತ ಬಲ್ಲವರಾರು? ಉಗುಳದೆ ಸಾಗುವ ದಾರಿಯೇ ಇಲ್ಲವೆಂದು ನಾನೂ ಹೇಳಲಿಲ್ಲ. ಹೊರಗಿನಿಂದ ನೂಕುವವರಿದ್ದರೆ ಉಂಟು. ಜಪಾನಿನ ಇಕಾರೋಸ್ 2010ರಲ್ಲಿ ಹಾಯಿ ಬಿಚ್ಚಿ ಬಿಸಿಲಿನ ಒತ್ತಡದಿಂದಲೇ ವೇಗ ಪಡೆಯಿತು. ಬೆಂಗಳೂರಿನಲ್ಲಿ ಸಿದ್ಧವಾಗಿ 1992ರಲ್ಲಿ ಹಾರಿದ ಇನ್ಸಾಟ್-2ಎ ಉಪಗ್ರಹಕ್ಕೂ ಒಂದು ಹಾಯಿಯಿತ್ತು. ಸೌರಫಲಕದ ಮೇಲೆ ಬೀಳುವ ಬಿಸಿಲು ಉಪಗ್ರಹವನ್ನು ತಿರುಗಿಸದಂತೆ ಅದು ಎದುರುಭಾರವಾಗಿ ನಿಲ್ಲುತ್ತಿತ್ತು.

ಬಳೆಗಳು ಅಕ್ಕನ ಕೈಯಲ್ಲೇ ಇವೆ. ಡಬ್ಬಿಗೆ ಮೊದಲು ತಕ್ಕಡಿ ಆಗಲೆಂದು ಹುಡುಗ ಸಣ್ಣ ತಂತಿಗೆ ಕೋಲೊಂದನ್ನು ತೂಗುಹಾಕಿ, ಕನ್ನಡಿಚೂರು ಅಂಟಿಸಿದ್ದಾನೆ. ಅದರಿಂದ ಚಿಮ್ಮಿದ ಬೆಳಕು ಎದುರುಗೋಡೆಯ ಮೇಲೆ ಬೀಳುತ್ತದೆ. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಆ ಚುಕ್ಕೆ ನಡುಗುತ್ತದಂತೆ. ಅದನ್ನು ನಿಲ್ಲಿಸುವ ಉಪಾಯವನ್ನು ಈಗ ಹುಡುಕುತ್ತಿದ್ದಾನೆ.